ಎಡಗೆನ್ನೆಯ ಮಚ್ಚೆ

ನನ್ನ ತಮ್ಮನ ಫೋಟೊ ಅಂಗಡಿ ಬಸ್ ನಿಲ್ದಾಣದಿಂದ ಒಳಗೆ ಬರುವ ಬೀದಿಯ ತಿರುವಿನಲ್ಲಿದೆ. ಕೆಳಗೆ ಅಂಗಡಿ, ಮೇಲೆ ಮನೆ. ಮುಂದಿನ ಕೋಣೆಯಲ್ಲಿ ಗಿರಾಕಿಗಳ ಮೇಜು, ಅದರ ಹಿಂದೆ ಪರದೆ, ಪರದೆಯಾಚೆ ಕುರ್ಚಿ ಮತ್ತು ದೀಪಗಳು, ಅದಕ್ಕೂ ಹಿಂದೆ ಕತ್ತಲೆ ಕೋಣೆ. ಮೆಟ್ಟಿಲ ಪಕ್ಕದ ಕಿಟಕಿಯ ಕೆಳಗೆ ಓರೆಯಾಗಿ ನಿಲ್ಲಿಸಿದ ಒಂದು ಹಲಗೆ ಇದೆ. ಹಲಗೆಯ ನಡುವೆ ಹಾಲಿನ ಬಣ್ಣದ ಗಾಜು, ಗಾಜಿನಡಿ ಕಿಟಕಿಯ ಬೆಳಕನ್ನು ಮೇಲಕ್ಕೆ ಹಾಯಿಸುವ ಕನ್ನಡಿ. ತಮ್ಮನ ಆಯುಷ್ಯದ ಹೆಚ್ಚಿನ ಪಾಲು ಕಳೆದದ್ದು ಆ ಹಲಗೆಯ ಮುಂದೆ.

ಅವನ ಕೈಗುಣ ಇದ್ದದ್ದು ಫೋಟೊ ತೆಗೆಯುವುದರಲ್ಲಿ ಅಷ್ಟಾಗಿ ಅಲ್ಲ, ತೆಗೆದದ್ದನ್ನು ತಿದ್ದುವುದರಲ್ಲಿ. ನೆಗೆಟಿವ್ ಅನ್ನು ಆ ಗಾಜಿನ ಮೇಲಿಟ್ಟು, ಸೂಜಿಯಷ್ಟು ಚೂಪು ಮಾಡಿದ ಪೆನ್ಸಿಲ್ಲಿನಿಂದ ಚುಕ್ಕೆಯ ಪಕ್ಕ ಚುಕ್ಕೆ ಇಡುತ್ತಾ ಹೋಗುತ್ತಿದ್ದ. ಕಪ್ಪು ಕಲೆ ನೆಗೆಟಿವ್‌ನಲ್ಲಿ ತಿಳಿಯಾಗಿ ಕಾಣುತ್ತದೆ. ಅಲ್ಲಿ ಪೆನ್ಸಿಲ್ ತುಂಬಿದರೆ ಕಾಗದದ ಮೇಲೆ ಕಲೆ ಮಾಯ. ಮೊಡವೆ, ಸಿಡುಬಿನ ಗುಳಿ, ಕಣ್ಣಿನ ಕೆಳಗಿನ ಕಪ್ಪು, ಎಲ್ಲವೂ ಹೀಗೆ ಹೋಗುತ್ತಿದ್ದವು. ಎದುರಿನ ಕ್ಷೌರದಂಗಡಿಯವನು ಆಗಾಗ ಬಾಗಿಲಿಗೆ ಬಂದು ಹೇಳುತ್ತಿದ್ದ, "ನಾನು ಬರೀ ಗಡ್ಡ ತೆಗೀತೀನಪ್ಪ. ನೀನು ವಯಸ್ಸನ್ನೇ ತೆಗೀತೀಯ. ನನಗೂ ಒಂದು ಕೈ ನೋಡು."

"ನಿನ್ನ ಮುಖಕ್ಕೆ ಒಂದು ಡಬ್ಬ ಪೆನ್ಸಿಲ್ ಬೇಕು" ಎನ್ನುತ್ತಿದ್ದ ತಮ್ಮ, ತಲೆ ಎತ್ತದೆ.

ಗಂಡ ತೀರಿಕೊಂಡ ಮೇಲೆ ನಾನು ಈ ಮನೆಗೆ ಬಂದೆ. ಬಂದ ಸ್ವಲ್ಪ ದಿನಕ್ಕೆ ತಮ್ಮನ ಹೆಂಡತಿ ಹೆರಿಗೆಯಲ್ಲಿ ಹೋದಳು. ಕೂಸನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಮಡಿಲಿಗೆ ಹಾಕಿದರು. ಬಟ್ಟೆ ಸರಿಸಿ ನೋಡಿದೆ. ಎಡಗೆನ್ನೆಯ ಮೇಲೆ, ಕಣ್ಣಿನ ಕೆಳಗಿನಿಂದ ದವಡೆಯವರೆಗೆ, ಮಸಿ ಚೆಲ್ಲಿದ ಹಾಗೆ ಒಂದು ಹುಟ್ಟುಮಚ್ಚೆ. ಮೇಲೆ ಅಗಲ, ಕೆಳಗೆ ಹೋಗುತ್ತಾ ಕಿರಿದು. ತಮ್ಮನೂ ನೋಡಿದ. ನೋಡಿ ಬಟ್ಟೆಯ ಅಂಚನ್ನು ಮೆಲ್ಲಗೆ ಮೇಲಕ್ಕೆಳೆದ. ಚಳಿಗೆ ಎಂದುಕೊಂಡೆ ನಾನು.

ಅವನು ಮಗಳನ್ನು ಪ್ರೀತಿಸಲಿಲ್ಲ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವವಳಲ್ಲ. ಹೆಗಲ ಮೇಲೆ ಹೊತ್ತು ತಿರುಗಿಸಿದ. ಜ್ವರ ಬಂದರೆ ಅಂಗಡಿ ಮುಚ್ಚಿ ಪಕ್ಕದಲ್ಲಿ ಕೂತ. ಆದರೆ ಫೋಟೊ ತೆಗೆಯುವಾಗ ಮಾತ್ರ ಬೇರೆಯವನಾಗಿಬಿಡುತ್ತಿದ್ದ. ಅವಳ ಮುಖವನ್ನು ಒಂಚೂರು ಆ ಕಡೆ ತಿರುಗಿಸುತ್ತಿದ್ದ, ಆ ಬದಿಗೆ ದೀಪ ಹೆಚ್ಚು ಮಾಡುತ್ತಿದ್ದ, ಉಳಿದದ್ದನ್ನು ಹಲಗೆಯ ಮೇಲೆ ಮುಗಿಸುತ್ತಿದ್ದ. ಮೊದಲ ಹುಟ್ಟುಹಬ್ಬದ್ದು, ಶಾಲೆಗೆ ಸೇರಿಸುವಾಗಿನದು, ಆಮೇಲಿನವು, ಒಂದರಲ್ಲೂ ಮಚ್ಚೆ ಇಲ್ಲ. ದೊಡ್ಡವಳಾದ ಮೇಲೆ ತೆಗೆದ ಒಂದನ್ನು ಕಟ್ಟು ಹಾಕಿಸಿ ಬೀದಿಯ ಕಡೆಯ ಗಾಜಿನ ಕಪಾಟಿನಲ್ಲಿ ಇಟ್ಟಿದ್ದ. ಹೋಗಿಬರುವವರು ನಿಂತು ನೋಡುತ್ತಿದ್ದರು. ಒಳಗೆ ಬಂದು ಮೇಜಿನ ಹಿಂದೆ ಕೂತ ಅವಳನ್ನು ಕಂಡು ಕಣ್ಣು ಬೇರೆ ಕಡೆಗೆ ಹೊರಳಿಸುತ್ತಿದ್ದರು.

ಅವಳು ಅದಕ್ಕೆಲ್ಲ ಕುಗ್ಗುವವಳಲ್ಲ. ಫೋಟೊಗಳ ಅಂಚು ಕತ್ತರಿಸುತ್ತಾ ತಾನೇ ಮಾತು ತೆಗೆಯುತ್ತಿದ್ದಳು. "ಇದನ್ನ ನೋಡ್ತಾ ಇದೀರಾ? ನಮ್ಮಪ್ಪ ಇದನ್ನ ಅರ್ಧ ಗಂಟೆಯಲ್ಲಿ ತೆಗೀತಾರೆ. ನಿಮ್ಮ ಮೊಡವೆ ಯಾವ ಲೆಕ್ಕ, ಹೋಗಿ ಕೂತ್ಕೊಳ್ಳಿ." ಗಿರಾಕಿಗಳು ನಗುತ್ತಿದ್ದರು. ಹಲಗೆಯ ಮುಂದೆ ಕೂತ ತಮ್ಮ ಮಾತ್ರ ನಗುತ್ತಿರಲಿಲ್ಲ.

ಪೇಟೆಯಲ್ಲಿ ಹೊಸದಾಗಿ ಒಂದು ವಸತಿಗೃಹ ಶುರುವಾಯಿತು. ಬಂದವರನ್ನು ಮಾತಾಡಿಸಿ ಕೋಣೆ ಕೊಡುವ ಕೆಲಸಕ್ಕೆ ಹುಡುಗಿ ಬೇಕು ಎಂದರು. ಎಷ್ಟು ದೊಡ್ಡವಳಾದರೂ ನನ್ನ ಬಾಯಲ್ಲಿ ಅವಳು ಕೂಸೇ. ಕೂಸು ಅರ್ಜಿ ಹಾಕಿತು, ಜೊತೆಗೆ ಅಪ್ಪ ತೆಗೆದ ಫೋಟೊ. ಕರೆ ಬಂತು. ಇದ್ದುದರಲ್ಲಿ ಒಳ್ಳೆಯ ಬಟ್ಟೆ ಉಟ್ಟು ಹೋದಳು. ಹೋದಷ್ಟೇ ಬೇಗ ಬಂದಳು.

ಊಟಕ್ಕೆ ಕೂತಾಗ ನಾನು ಕೇಳಿದೆ, "ಏನಂದ್ರು?"

"ಫೋಟೊದಲ್ಲಿರೋರು ಯಾಕೆ ಬರ್ಲಿಲ್ಲ ಅಂದ್ರು, ಅತ್ತೆ." ಅವಳು ನಗುತ್ತಲೇ ಹೇಳಿದಳು. "ನಾನೇ ಅಂದೆ. ಮೇನೇಜರ್ ಫೋಟೊ ನೋಡಿದ, ನನ್ನ ನೋಡಿದ, ಮತ್ತೆ ಫೋಟೊ ನೋಡಿದ. ಸುಳ್ಳು ಹೇಳಿ ಕೆಲಸಕ್ಕೆ ಬರೋರನ್ನ ನಾವು ತಗೊಳ್ಳಲ್ಲಮ್ಮ ಅಂದ."

ತಮ್ಮ ತಟ್ಟೆಯಿಂದ ತಲೆ ಎತ್ತಲಿಲ್ಲ. "ಬೇರೆ ಕಡೆ ನೋಡಿದ್ರಾಯ್ತು, ಬಿಡು" ಎಂದ.

"ಅಪ್ಪ, ನಂದು ಒಂದು ಫೋಟೊ ಇದ್ದ ಹಾಗೇ ತೆಗಿ."

"ನೋಡೋಣ."

ನೋಡೋಣ ಎಂದರೆ ಅವನ ಬಾಯಲ್ಲಿ ಇಲ್ಲ ಎಂದೇ ಅರ್ಥ. ಅದು ಅವಳಿಗೂ ಗೊತ್ತು. ಮಾರನೆಯ ದಿನ ಗಿರಾಕಿ ಇಲ್ಲದ ಹೊತ್ತಿನಲ್ಲಿ ತಾನೇ ದೀಪ ಹಾಕಿ ಕುರ್ಚಿಯ ಮೇಲೆ ಕೂತಳು. ಮುಖ ನೇರ. "ಬಾ ಅಪ್ಪ. ತೆಗಿ. ಪೆನ್ಸಿಲ್ ಮುಟ್ಟಬೇಡ, ಅಷ್ಟೇ" ಎಂದಳು. ನಾನು ಮೆಟ್ಟಿಲ ಮೇಲೆ ಚಹಾ ಹಿಡಿದು ನಿಂತಿದ್ದೆ. ಅವನು ತೆಗೆದ.

ಎರಡು ದಿನ ಬಿಟ್ಟು ತೊಳೆದು ಒಣಗಿಸಿದ ಫೋಟೊಗಳ ಕಟ್ಟು ಎಂದಿನಂತೆ ಅಂಚು ಕತ್ತರಿಸಲು ಅವಳ ಮುಂದೆ ಬಂತು. ಬೇರೆಯವರ ಮುಖಗಳ ನಡುವೆ ಅವಳದೂ ಇತ್ತು. ನುಣ್ಣನೆಯ ಕೆನ್ನೆ. ತಮ್ಮನನ್ನು ಕೇಳಿದರೆ, ಬೇಕೆಂದು ಮಾಡಿದ್ದಲ್ಲ ಅಕ್ಕ, ಕಟ್ಟಿನಲ್ಲಿ ಬಂದದ್ದನ್ನೆಲ್ಲ ಸಾಲಾಗಿ ಮಾಡುತ್ತಾ ಹೋದೆ, ಕೈಗೆ ಅಭ್ಯಾಸ, ಮುಗಿದ ಮೇಲೇ ಗೊತ್ತಾದದ್ದು ಎನ್ನುತ್ತಾನೆ. ಗೊತ್ತಾದ ಮೇಲೆ ಅಳಿಸಲಿಲ್ಲ ಯಾಕೆ ಎಂದು ನಾನು ಕೇಳಿಲ್ಲ. ಕೂಸು ನಾಲ್ಕೂ ಅಂಚು ನೆಟ್ಟಗೆ ಕತ್ತರಿಸಿ, ಲಕೋಟೆಗೆ ಹಾಕಿ, ಮೇಜಿನ ಖಾನೆಯಲ್ಲಿಟ್ಟಳು.

ಮುಂದಿನ ವಾರ ಬೆಳಿಗ್ಗೆ ಒಂದು ಕಚೇರಿಯವರ ಗುಂಪು ಫೋಟೊ ತಲುಪಿಸಲು ಹೋದಳು. ತಲುಪಿಸಿದ್ದಳು, ಅದನ್ನು ಕಚೇರಿಯವರೇ ಹೇಳಿದರು. ಅಲ್ಲಿಂದ ಹೊರಟವಳು ಮನೆಗೆ ಬರಲಿಲ್ಲ.

ಮೊದಲ ದಿನ ಗೆಳತಿಯ ಮನೆಯಲ್ಲಿರಬಹುದು ಎಂದುಕೊಂಡೆವು. ಎರಡನೆಯ ದಿನದಿಂದ ಸುಳ್ಳು ಶುರುವಾಯಿತು. ಕ್ಷೌರದಂಗಡಿಯವನು, "ಎಲ್ಲಿ, ನಮ್ಮ ಹುಡುಗಿ ಕಾಣಿಸ್ತಿಲ್ಲ? ಅಂಗಡಿ ಬಣಗುಡ್ತಾ ಇದೆ" ಎಂದು ಕೇಳಿದ. ನೆಂಟರ ಮನೆಗೆ ಹೋಗಿದಾಳೆ ಎಂದ ತಮ್ಮ. ಹಾಲು ತಂದವಳು ನನ್ನನ್ನು ಕೇಳಿದಳು. ನಾನೂ ಅದನ್ನೇ ಹೇಳಿದೆ. ಮನೆಯ ಹೆಣ್ಣುಮಗಳು ಹೇಳದೆ ಹೋದಳು ಎನ್ನುವ ಮಾತು ನಾಲಿಗೆಗೆ ಬರಲಿಲ್ಲ. ಯಾರ ಜೊತೆ ಎಂದು ಕೇಳುತ್ತಾರೆ, ಕೇಳದಿದ್ದರೂ ಕಣ್ಣಲ್ಲಿ ಕೇಳುತ್ತಾರೆ. ಹಾಗೆ ಮಾನ ಕಾಯುತ್ತಾ ಒಂದು ವಾರ ಕಳೆದೆವು. ಆಮೇಲೆ ತಮ್ಮ ಒಬ್ಬನೇ ಪೊಲೀಸ್ ಠಾಣೆಗೆ ಹೋಗಿಬಂದ.

"ಮಚ್ಚೆ ಹೇಳಿದ್ಯಾ?" ಎಂದೆ.

"ಫೋಟೊ ಕೊಟ್ಟಿದೀನಿ."

"ಫೋಟೊದಲ್ಲಿ ಎಲ್ಲಿದೆಯೋ ಅದು?"

ಅವನು ಚಪ್ಪಲಿ ಬಿಡುತ್ತಿದ್ದವನು ಹಾಗೇ ನಿಂತ. "ಗುರುತು ಏನಾದ್ರೂ ಇದೆಯಾ ಅಂತ ಕೇಳಿದ್ರು. ಏನೂ ಇಲ್ಲ ಅಂದೆ" ಎಂದ. ಗೋಡೆಗೆ ಹೇಳಿದ ಹಾಗೆ ಹೇಳಿದ.

"ಕಾಲಿಗೆ ಚಪ್ಪಲಿ ಹಾಕ್ಕೊ" ಎಂದೆ. ಅವನ ತೋಳು ಹಿಡಿದುಕೊಂಡೇ ಹೋದೆ.

ಠಾಣೆಯಲ್ಲಿ ನನ್ನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದರು. ಒಳಗೆ ಬರೆದುಕೊಳ್ಳುವ ಪೊಲೀಸಿನವನ ಮಾತು ಕೇಳಿಸುತ್ತಿತ್ತು. "ಅಲ್ಲ ಸ್ವಾಮಿ, ಮಗಳನ್ನ ಹುಡುಕಿಕೊಡಿ ಅಂತ ಬಂದು ಗುರುತನ್ನ ಮನೇಲೇ ಬಿಟ್ಟು ಬಂದಿದ್ರಾ? ಎಷ್ಟು ದೊಡ್ಡದು?"

ತಮ್ಮನ ದನಿ ಕೇಳಿಸಲಿಲ್ಲ. ಕೈಯಲ್ಲಿ ತೋರಿಸಿರಬೇಕು.

"ಅಷ್ಟು ದೊಡ್ಡದಾ?" ಒಳಗೆ ಯಾರೋ ನಕ್ಕರು. "ಮತ್ತೆ ಈ ಫೋಟೊ ಯಾರದು? ಸಿನಿಮಾದವಳದಾ?"

"ಕೊಡಿ ಸರ್" ಎಂದ ತಮ್ಮ. "ಇದರ ಮೇಲೇ ಹಾಕಿಕೊಡ್ತೀನಿ."

ಅವನ ಅಂಗಿಯ ಜೇಬಿನಲ್ಲಿ ಸಣ್ಣ ಕುಂಚ ಸದಾ ಇರುತ್ತಿತ್ತು. ಅವರ ಮೇಜಿನ ಮೇಲಿನ ಮಸಿಯಲ್ಲೇ ಅದ್ದಿಕೊಂಡ. ಸುತ್ತ ನಾಲ್ಕು ಜನ ನಿಂತು ನೋಡುತ್ತಿದ್ದರಂತೆ. ಗೊತ್ತಿರುವ ದಾರಿಯಲ್ಲಿ ಹೋದ ಹಾಗೆ ಕೈ ಸಲೀಸಾಗಿ ಹೋಯಿತಂತೆ. ಮೇಲೆ ಅಗಲ, ಕೆಳಗೆ ಕಿರಿದು.

"ಹೀಗೆ ಹೇಳಿ ಮತ್ತೆ" ಎಂದ ಪೊಲೀಸಿನವನು. "ಈಗ ಅಚ್ಚು ಹಾಕಿಸಿ ಎಲ್ಲ ಊರಿಗೂ ಕಳಿಸ್ತೀವಿ. ಇಲ್ಲೂ ಅಂಟಿಸ್ತೀವಿ."

"ಇಲ್ಲಿ ಬೇಡ ಸರ್. ಇಲ್ಲಿ ಎಲ್ಲರಿಗೂ ಅವಳು ಗೊತ್ತು."

ಬೆಂಚಿನ ಮೇಲೆ ಕೂತ ನನಗೂ ಆ ಮಾತು ಸರಿ ಎನ್ನಿಸಿತು. ನಮ್ಮ ಬೀದಿಯ ಗೋಡೆಯ ಮೇಲೆ ಕೂಸಿನ ಮುಖವನ್ನು ಯೋಚಿಸಿಕೊಳ್ಳಲೂ ಆಗಲಿಲ್ಲ. ಹೀಗಾಗಿ ಆ ಚಿತ್ರ ಅವಳನ್ನು ಬಲ್ಲವರು ಒಬ್ಬರೂ ಇಲ್ಲದ ಊರುಗಳಿಗೆಲ್ಲ ಹೋಯಿತು. ಅವಳನ್ನು ಬಲ್ಲ ಒಬ್ಬರ ಕಣ್ಣಿಗೂ ಬೀಳಲಿಲ್ಲ. ನನ್ನ ಕಣ್ಣಿಗೂ.

ಆಮೇಲೆ ಹುಡುಕಾಟ. ತಮ್ಮ ಅಂಗಡಿಯ ಬಾಗಿಲು ಅರ್ಧ ಎಳೆದು ಹೋಗುತ್ತಿದ್ದ, ಆಸ್ಪತ್ರೆಗಳಿಗೆ, ಹೆಂಗಸರನ್ನು ಇಟ್ಟುಕೊಳ್ಳುವ ಆಶ್ರಮಗಳಿಗೆ. ಶವಾಗಾರದಿಂದಲೂ ಕರೆ ಬರುತ್ತಿತ್ತು. ಹೋಗಿ ಬಂದು ನೀರು ಕುಡಿದು, "ಅಲ್ಲ ಅಕ್ಕ" ಎನ್ನುತ್ತಿದ್ದ. ಅಲ್ಲ ಎಂದಾಗ ಬರುವ ಸಮಾಧಾನಕ್ಕೂ ನಾಚಿಕೆಯಾಗುತ್ತಿತ್ತು, ಅದು ಯಾರದೋ ಮನೆಯ ಕೂಸಲ್ಲವೇ. ಠಾಣೆಯಲ್ಲಿ ಕೇಳಿದರೆ ಹುಡುಕುತ್ತಿದ್ದೇವೆ ಎನ್ನುವರು. ಕ್ಷೌರದಂಗಡಿಯವನು ನೆಂಟರ ಮನೆಯ ಸುದ್ದಿ ಕೇಳುವುದನ್ನು ತಾನಾಗಿ ಬಿಟ್ಟ. ಅವನಿಗೆ ತಿಳಿದಿತ್ತು. ಬೀದಿಗೆಲ್ಲ ತಿಳಿದಿತ್ತು. ನಾವು ಮಾತ್ರ ಹೇಳಿರಲಿಲ್ಲ.

ವರ್ಷ ತುಂಬಿದ ಮೇಲೆ ಒಂದು ಮಧ್ಯಾಹ್ನ ಠಾಣೆಯಿಂದ ಹೇಳಿಕಳಿಸಿದರು. ದೂರದ ಒಂದು ಊರಿನಲ್ಲಿ ಕಾರ್ಖಾನೆಯ ಪಕ್ಕ ಕ್ಯಾಂಟೀನ್ ನಡೆಸುವಾಕೆ ಅಲ್ಲಿನ ಪೊಲೀಸರಿಗೆ ಏನೋ ಹೇಳಿದ್ದಾಳೆ, ಹೋಗಿ ನೋಡಿ ಎಂದು. ಇಬ್ಬರೂ ಹೊರಟೆವು. ದಾರಿಯುದ್ದಕ್ಕೂ ತಮ್ಮ, ಸಿಕ್ಕರೆ ಮೊದಲು ಏನು ಮಾತಾಡಬೇಕು ಎಂದು ನನ್ನನ್ನು ಕೇಳುತ್ತಿದ್ದ. ಊಟ ಆಯ್ತಾ ಅಂತ ಕೇಳು, ಉಳಿದದ್ದು ಆಮೇಲೆ ಎಂದೆ.

ಕ್ಯಾಂಟೀನು ತಗಡಿನ ಮಾಡಿನದು. ಉದ್ದನೆಯ ಬೆಂಚುಗಳು, ತಟ್ಟೆ ತೊಳೆಯುವ ತೊಟ್ಟಿ, ಬಾಗಿಲ ಬಳಿ ಟೋಕನ್ ಕೊಡುವ ಪುಟ್ಟ ಮೇಜು. ಪಾಳಿ ಬಿಡುವ ಹೊತ್ತಲ್ಲದ್ದರಿಂದ ಖಾಲಿ ಇತ್ತು. ಆಕೆ ನನ್ನಷ್ಟಲ್ಲದಿದ್ದರೂ ವಯಸ್ಸಾದವಳು, ಗಟ್ಟಿಗಿತ್ತಿ. ಕೈ ಒರೆಸಿಕೊಂಡು ಬಂದು ಎದುರು ಕೂತಳು.

"ನಿಮ್ಮ ಮಗಳಾ?"

ತಮ್ಮ ಹೂಂ ಎಂದ.

"ಅವಳು ಹೌದೋ ಅಲ್ವೋ ನನಗೆ ಗೊತ್ತಿಲ್ಲ. ಇಲ್ಲಿ ಒಬ್ಳು ಇದ್ಲು. ತಟ್ಟೆ ತೊಳೆಯೋಕೆ ಅಂತ ಬಂದ್ಲು. ಬಾಯಿ ಚುರುಕು ಅಂತ ಟೋಕನ್ನಿಗೆ ಕೂರಿಸಿದೆ. ಬಂದೋರು ಕೆನ್ನೆ ನೋಡಿದ್ರೆ ಸುಮ್ನಿರ್ತಿರ್ಲಿಲ್ಲ. 'ನಮ್ಮಪ್ಪ ಇದ್ದಿದ್ರೆ ಇದನ್ನ ಅರ್ಧ ಗಂಟೆಯಲ್ಲಿ ತೆಗೀತಿದ್ರು, ಏನ್ ಮಾಡ್ಲಿ, ನೀವು ಊಟಕ್ಕೆ ಬಂದ್ಬಿಟ್ರಿ' ಅನ್ನೋಳು."

ನಾನು ತಮ್ಮನ ಮೊಣಕೈ ಹಿಡಿದುಕೊಂಡೆ. "ಅವಳೇ" ಎಂದೆ.

ಆಕೆಯ ಮುಖ ಸಣ್ಣಗಾಯಿತು. ಎದ್ದು ಟೋಕನ್ ಮೇಜಿನ ಹಿಂದಿನ ಗೋಡೆಯ ಕಡೆ ಕೈ ಮಾಡಿದಳು. ಒಂದು ಮೂಲೆ ಕಿತ್ತ, ಹೊಗೆ ಹಿಡಿದ ಕಾಗದ. ಮೇಲೆ ದಪ್ಪ ಅಕ್ಷರದಲ್ಲಿ ಕಾಣೆಯಾಗಿದ್ದಾಳೆ ಎಂದಿತ್ತು. ಕೆಳಗೆ ನಮ್ಮ ಗಾಜಿನ ಕಪಾಟಿನ ಫೋಟೊ, ಕೆನ್ನೆಯ ಮೇಲೆ ಮಸಿ. ನಾನು ಅದನ್ನು ಕಂಡದ್ದು ಅದೇ ಮೊದಲು. ನೋಡಿದ ಕೂಡಲೇ ಎಲ್ಲೋ ತಪ್ಪಿದೆ ಅನ್ನಿಸಿತು, ಯಾವುದು ಎಂದು ತಿಳಿಯಲಿಲ್ಲ.

"ಪೊಲೀಸ್ನೋರು ಅಂಟಿಸಿ ಹೋದ್ರು" ಎಂದಳು ಆಕೆ. "ನಾನು ಕೇಳ್ದೆ, ಏನೇ, ಇದು ನೀನೇ ಅಲ್ವೇನೇ? ಅವಳು ಬಂದು ಇಲ್ಲೇ ನಿಂತ್ಲು. ಬಹಳ ಹೊತ್ತು ನೋಡಿದ್ಲು. ಆಮೇಲೆ ನಕ್ಕು, 'ಅಕ್ಕ, ಸರಿಯಾಗಿ ನೋಡಿ. ಇವಳದು ಆ ಕೆನ್ನೆ, ನಂದು ಈ ಕೆನ್ನೆ. ಅಪ್ಪ ಅಮ್ಮ ಅಂದ್ರೆ ಮಗಳ ಕೆನ್ನೆ ಯಾವ್ದು ಅಂತ ಗೊತ್ತಿರಲ್ವಾ? ಇವಳು ಬೇರೆ ಯಾರೋ' ಅಂದ್ಲು. ಹೌದಲ್ಲ ಅನ್ನಿಸ್ತು. ಪೊಲೀಸ್ನೋರು ಮತ್ತೆ ಬಂದು ಕೇಳಿದಾಗ ನಾನೂ ಅದನ್ನೇ ಹೇಳಿ ಕಳಿಸಿದೆ. ಆ ವಾರವೇ ಅವಳು ಹೊರಟ್ಲು."

"ಎಲ್ಲಿಗೆ?"

"ಹೇಳ್ಲಿಲ್ಲಮ್ಮ. ಕೇಳ್ದೆ. ನೋಡೋಣ ಅಂದ್ಲು."

ಆಕೆ ಮುಂದುವರಿಸಿದಳು. "ಮೊನ್ನೆ ಗೋಡೆಗೆ ಸುಣ್ಣ ಹೊಡೆಸೋಣ ಅಂತ ಇದನ್ನ ಕೀಳೋಕೆ ಹೋದೆ. ಹತ್ತಿರದಿಂದ ಕಣ್ಣು ನೋಡ್ದೆ. ಕಣ್ಣು ಅವಳದೇ. ಅದಕ್ಕೇ ಹೇಳಿಕಳಿಸಿದ್ದು."

ತಮ್ಮ ಎದ್ದು ಗೋಡೆಯ ಹತ್ತಿರ ಹೋದ. ಕಾಗದಕ್ಕೆ ಮುಖ ಕೊಟ್ಟು ನಿಂತು, ನನ್ನ ಕಡೆ ತಿರುಗದೆ ಕೇಳಿದ, "ಅಕ್ಕ, ಅವಳದು ಯಾವ ಕೆನ್ನೆ?"

"ಇಲ್ಲಿ ನೋಡು" ಎಂದೆ. ಅವನು ತಿರುಗಿದ. ನಾನು ನನ್ನ ಎಡಗೆನ್ನೆಯ ಮೇಲೆ ಅಂಗೈ ಇಟ್ಟು ತೋರಿಸಿದೆ.

ಅವನು ಬೆರಳುಗಳನ್ನು ಪೆನ್ಸಿಲ್ ಹಿಡಿದ ಹಾಗೆ ಜೋಡಿಸಿ ಗಾಳಿಯಲ್ಲಿ ಚುಕ್ಕೆ ಇಡುವ ಹಾಗೆ ಆಡಿಸಿದ. ಕೈ ತನ್ನ ಎಡಕ್ಕೇ ಹೋಯಿತು. "ಹಲಗೆ ಮೇಲೆ ಇದು ಈ ಕಡೆ ಬರ್ತಿತ್ತು" ಎಂದ.

ಪೆನ್ಸಿಲ್ ನಿಲ್ಲುವುದು ನೆಗೆಟಿವ್‌ನ ಮಬ್ಬು ಮೈಯ ಮೇಲೆ ಮಾತ್ರ, ನುಣುಪು ಮೈಯಲ್ಲಿ ಜಾರುತ್ತದೆ. ಮಬ್ಬು ಮೈ ಮೇಲಾಗಿಟ್ಟರೆ ಮುಖ ಕನ್ನಡಿಯಲ್ಲಿ ಕಂಡ ಹಾಗೆ ಅದಲುಬದಲಾಗಿ ಕಾಣುತ್ತದೆ. ಎದುರು ನಿಂತರೆ ನಮ್ಮ ಬಲಕ್ಕೆ ಬರುವ ಕೆನ್ನೆ ಅಲ್ಲಿ ಎಡಕ್ಕೆ. ಆ ಕೆಲಸ ಮಾಡುವವರಿಗೆಲ್ಲ ಇದು ಗೊತ್ತಿರುವ ಸಂಗತಿ. ಅವನು ಮಗಳ ಮಚ್ಚೆಯನ್ನು ಕಣ್ಣಿಟ್ಟು ನೋಡಿದ್ದು ಹಲಗೆಯ ಮೇಲೆ ಮಾತ್ರ. ಮನೆಯಲ್ಲಿ, ಊಟದ ಹೊತ್ತಿನಲ್ಲಿ, ಮೇಜಿನ ಹಿಂದೆ ಅವಳು ಕೂತಿದ್ದಾಗ, ಅವನ ನೋಟ ಅಲ್ಲಿಗೆ ಹೋಗುತ್ತಲೇ ತಪ್ಪಿಸಿಕೊಳ್ಳುತ್ತಿತ್ತು. ಹಾಗಾಗಿ ಕೈಗೆ ಗೊತ್ತಿದ್ದದ್ದು ಕಣ್ಣಿಗೆ ಗೊತ್ತಿರಲಿಲ್ಲ.

ಕ್ಯಾಂಟೀನಿನಾಕೆ ಊಟ ಬಡಿಸಿದಳು. ತಮ್ಮ ತಿನ್ನಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಕಡೆ ಕೂತು ಬಹಳ ದೂರ ಬಂದ ಮೇಲೆ ಒಂದೇ ಒಂದು ಮಾತಾಡಿದ. "ಅವಳು ಅದನ್ನ ನೋಡಿದ್ಲಲ್ಲ ಅಕ್ಕ."



ಮನೆಗೆ ಬಂದವನು ಚಪ್ಪಲಿಯನ್ನೂ ಬಿಡದೆ ನೆಗೆಟಿವ್ ಪೆಟ್ಟಿಗೆ ತೆಗೆದ. ಅವಳು ತಾನಾಗಿ ಕುರ್ಚಿಯ ಮೇಲೆ ಕೂತು ತೆಗೆಸಿಕೊಂಡದ್ದನ್ನು ಹುಡುಕಿ ಹಲಗೆಯ ಮೇಲಿಟ್ಟ. ಸೀಸೆಯಿಂದ ಟರ್ಪೆಂಟೈನ್ ಹತ್ತಿಗೆ ಹಾಕಿಕೊಂಡು ಒರೆಸಿದ. ಪೆನ್ಸಿಲ್ ಹತ್ತಿಗೆ ಬೂದಿಯ ಹಾಗೆ ಹತ್ತಿಕೊಂಡಿತು. ಅಷ್ಟೇ ಕೆಲಸ. ಅಡಿಯಲ್ಲಿ ಮಚ್ಚೆ ಇದ್ದ ಹಾಗೇ ಇತ್ತು. ಕತ್ತಲೆ ಕೋಣೆಗೆ ನನ್ನನ್ನೂ ಕರೆದ. ಕೆಂಪು ದೀಪದ ಕೆಳಗೆ, ತಟ್ಟೆಯ ದ್ರವದಲ್ಲಿ ಕಾಗದ ತೇಲುತ್ತಿತ್ತು. ಮೊದಲು ಬಂದದ್ದು ಕೂದಲು, ಆಮೇಲೆ ಕಣ್ಣು, ಮಚ್ಚೆ, ಕಡೆಗೆ ಉಳಿದ ಮುಖ. ನೇರವಾಗಿ ನಮ್ಮನ್ನೇ ನೋಡುತ್ತಿದ್ದಳು. ತಮ್ಮ ಇಕ್ಕಳ ಹಿಡಿದುಕೊಂಡು ನಿಂತವನು ಕಣ್ಣು ತೆಗೆಯಲಿಲ್ಲ, ಕಾಗದ ಹೆಚ್ಚು ಹೊತ್ತು ಉಳಿದು ಕಪ್ಪಾಗತೊಡಗಿದರೂ. "ಎತ್ತೋ, ಹಾಳಾಗ್ತದೆ" ಎಂದೆ ನಾನು. ಆ ಪ್ರತಿ ಕೆಟ್ಟಿತು. ಇನ್ನೊಂದು ಮಾಡಿದ.

ಠಾಣೆಗೆ ಹೋಗಿ ನಡೆದದ್ದನ್ನು ತಾನೇ ಹೇಳಿದ. ಈ ಸಲ ಯಾರೂ ನಗಲಿಲ್ಲ. ನಕ್ಕಿದ್ದರೇ ಚೆನ್ನಾಗಿತ್ತು ಎಂದುಕೊಂಡನಂತೆ ತಮ್ಮ. ಆಮೇಲೆ ಅಂಟಿನ ಡಬ್ಬ ನನ್ನ ಕೈಗೆ ಕೊಟ್ಟು, ಹಾಡುಹಗಲಲ್ಲಿ, ಹೊಸ ಫೋಟೊದ ಪ್ರತಿಗಳನ್ನು ಮೊದಲು ನಮ್ಮದೇ ಬೀದಿಯಲ್ಲಿ ಅಂಟಿಸಲು ಶುರುಮಾಡಿದ. ಹಾಲಿನವಳು ನಿಂತಳು. ಮೇಲಿನ ಮನೆಗಳ ಕಿಟಕಿಗಳು ತೆರೆದವು. ನನ್ನ ಮೈಯೆಲ್ಲ ಮುಳ್ಳು. ಕ್ಷೌರದಂಗಡಿಯವನು ಕತ್ತರಿ ಹಿಡಿದುಕೊಂಡೇ ಹೊರಗೆ ಬಂದು ನೋಡಿದ.

"ಇದನ್ನ ಮೊದಲೇ ಕೊಟ್ಟಿದ್ರೆ ನನ್ನ ಅಂಗಡಿಯಲ್ಲೂ ಹಾಕ್ತಿದ್ನಲ್ಲೋ" ಎಂದ. "ಎಷ್ಟು ದಿನದಿಂದ ನೆಂಟರ ಮನೆ ಕಥೆ ಕೇಳ್ಕೊಂಡು ಕೂತಿದೀನಿ." ಬೈದು, ತಾನೇ ಒಂದನ್ನು ಕಿತ್ತುಕೊಂಡು ಹೋಗಿ ಕನ್ನಡಿಯ ಪಕ್ಕ ಅಂಟಿಸಿಕೊಂಡ. ಗಡ್ಡ ತೆಗೆಸಲು ಕೂತವರೆಲ್ಲ ಅವಳನ್ನು ನೋಡಲೇಬೇಕು.

ಗಾಜಿನ ಕಪಾಟಿನಲ್ಲೂ ಈಗ ಅದೇ ಫೋಟೊ. ಗಿರಾಕಿಗಳು ಮೊಡವೆ ತೆಗೆಯಿರಿ ಎಂದರೆ ತಮ್ಮ ಈಗಲೂ ತೆಗೆಯುತ್ತಾನೆ, ಹೊಟ್ಟೆಪಾಡು. ಕೂಸು ಸಿಕ್ಕಿಲ್ಲ. ಎಲ್ಲಿದ್ದಾಳೆ, ಇದ್ದಾಳೆಯೇ, ತಿಳಿಯದು. ಗೋಡೆಯ ಮೇಲಿನವು ಮಳೆಗೆ ತೊಳೆದುಹೋದಾಗ, ಬಿಸಿಲಿಗೆ ಬಿಳಿಚಿದಾಗ, ಹೊಸದನ್ನು ಮಾಡಿಕೊಂಡು ಹೋಗಿ ಬಸ್ ನಿಲ್ದಾಣಗಳಲ್ಲಿ, ಕ್ಯಾಂಟೀನುಗಳಲ್ಲಿ ಅಂಟಿಸಿ ಬರುತ್ತಾನೆ.

ನೆಗೆಟಿವ್ ಅನ್ನು ಕತ್ತಲೆ ಕೋಣೆಯ ದೊಡ್ಡದು ಮಾಡುವ ಯಂತ್ರದೊಳಗೆ ಮಗುಚಿ ಇಟ್ಟರೂ ಮುಖ ಅದಲುಬದಲಾಗಿ ಬರುತ್ತದಂತೆ. ಅದಕ್ಕೆ ಪ್ರತಿ ಸಲ ಕಾಗದ ಹಾಕುವ ಮುಂಚೆ ನನ್ನನ್ನು ಕೆಳಗೆ ಕರೆಯುತ್ತಾನೆ. ಮೊಣಕಾಲು ನೋವಿದ್ದರೂ ಇಳಿದು ಹೋಗುತ್ತೇನೆ. ಯಂತ್ರದ ದೀಪ ಹಾಕಿ, ಅದರಡಿಯ ಮಣೆಯ ಮೇಲೆ ಬಿದ್ದ ಅವಳ ಮುಖವನ್ನು ತೋರಿಸಿ, "ಅಕ್ಕ, ಈ ಕಡೆ ತಾನೆ?" ಎನ್ನುತ್ತಾನೆ. ಅವನಿಗೆ ಈಗ ಚೆನ್ನಾಗಿ ಗೊತ್ತು. ಆದರೂ ನಾನು ನನ್ನ ಎಡಗೆನ್ನೆಯ ಮೇಲೆ ಕೈ ಇಟ್ಟು ತೋರಿಸುವವರೆಗೆ ಕಾಯುತ್ತಾನೆ.